ಕಂಡಕ್ಟರ್ ಕೂಗು

ಗಾಜು ಎಷ್ಟು ಚೊಕ್ಕಟವಾಗಿದೆಯೆಂದರೆ ಅದು ಅಲ್ಲಿದೆ ಅನ್ನುವುದೇ ಮೂಗು ತಾಗಿದ ಮೇಲೆ ಗೊತ್ತಾದದ್ದು, ಮೂಗಿನ ಗುರುತು ಬೇರೆ ಉಳಿದುಬಿಟ್ಟಿತು, ಅಳಿಯ ನೋಡುವುದರೊಳಗೆ ತೋಳಿನಿಂದ ಒರೆಸಿದೆ, ಒರೆಸಿದಷ್ಟೂ ಹರಡಿತು — ಕೆಳಗೆ ಹುಲ್ಲಿನ ಮೇಲೆ ನಮ್ಮ ಹುಡುಗರು ಓಡುತ್ತಿದ್ದಾರೆ, ಚೆಂಡು ಒದೆಯುತ್ತಿದ್ದಾರೆ, ಬೀಳುತ್ತಿದ್ದಾರೆ, ಸದ್ದು ಮಾತ್ರ ಇಲ್ಲ, ಧ್ವನಿ ಆರಿಸಿದ ಟೀವಿ ನೋಡಿದ ಹಾಗೆ, ನಮ್ಮ ಹುಡುಗರು ಅನ್ನುವುದೂ ಬಾಯಿಚಟಕ್ಕೆ ಬರುವ ಮಾತು ಅಷ್ಟೆ, ಹಸಿರು ಅಂಗಿ ಹೋಗಿ ನೇರಳೆ ಬಂದಿದೆ, ಎದೆಯ ಮೇಲೆ ಬಣ್ಣದ ಕಂಪನಿಯ ಡಬ್ಬಿಯ ಚಿತ್ರ, ಬೆನ್ನ ಮೇಲೂ ಡಬ್ಬಿ, ಗೋಡೆಗೆ ಬಳಿಯುವ ಬಣ್ಣಕ್ಕೂ ಫುಟ್‌ಬಾಲಿಗೂ ಏನು ನಂಟೋ ದೇವರೇ ಬಲ್ಲ. ಅತ್ತೆ, ಯಾಕೆ ನಿಂತೇ ಇದೀರಿ, ಕೂತ್ಕೊಳಿ, ಎಷ್ಟು ಮೆತ್ತಗಿದೆ ನೋಡಿ ಕುರ್ಚಿ. ಪಾಪ, ಒಳ್ಳೆಯ ಹುಡುಗ. ಅವನ ಆಫೀಸಿನವರು ಈ ಗಾಜಿನ ಕೋಣೆಯನ್ನು ವರ್ಷಪೂರ್ತಿ ಹಿಡಿದಿದ್ದಾರಂತೆ, ದೊಡ್ಡವರು ಬರುವುದೇ ಅಪರೂಪವಂತೆ, ಬಂದರೂ ಮೈದಾನಕ್ಕೆ ಬೆನ್ನು ಹಾಕಿ ತಿನ್ನುತ್ತಾ ವ್ಯವಹಾರ ಮಾತಾಡುತ್ತಾರಂತೆ, ಇವತ್ತು ಈ ಊರಿನಲ್ಲಿ ಕಡೆಯ ಪಂದ್ಯ ಅಂತ ಹಟ ಹಿಡಿದು ನನ್ನನ್ನು ಕರೆತಂದಿದ್ದಾನೆ. ಕಡೆಯ ಪಂದ್ಯ. ಮಾಲೀಕರು ತಂಡವನ್ನು ಸಮುದ್ರದ ಕಡೆಯ ಇನ್ನೊಂದು ಊರಿಗೆ ಸಾಗಿಸುತ್ತಾರೆ, ಅಲ್ಲಿ ಮೈದಾನ ಪುಕ್ಕಟೆ, ತೆರಿಗೆ ಇಲ್ಲ, ಪೇಪರಿನಲ್ಲಿ ಓದಿದಾಗ ನನಗೆ ಅರ್ಥವೇ ಆಗಿರಲಿಲ್ಲ, ತಂಡ ಅಂದರೇನು ಬೀರುವೇ, ಲಾರಿಗೆ ಹೇರಿಕೊಂಡು ಹೋಗುವುದಕ್ಕೆ.

ಕೂತೆ. ನಿಜಕ್ಕೂ ಮೆತ್ತಗಿದೆ. ಇದೇ ಜಾಗ, ಈ ಕುರ್ಚಿಯ ಕೆಳಗೇ ಎಲ್ಲೋ ನಾವು ನಿಂತು ನೋಡುತ್ತಿದ್ದ, ಈಗ ಒಡೆದುಹಾಕಿರುವ ಗ್ಯಾಲರಿಯ ಸಿಮೆಂಟು ಮೆಟ್ಟಿಲು, ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ, ಯಾರದೋ ಬೆವರು ನಮ್ಮ ಹೆಗಲಿಗೆ, ಅಲ್ಲಿ ನಮ್ಮವರು ಮದುವೆಗೆ ಮುಂಚಿನಿಂದ ನಿಲ್ಲುತ್ತಿದ್ದರು, ಮದುವೆಯಾದ ವಾರವೇ ನನ್ನನ್ನೂ ಎಳೆತಂದರು, ನಾನು ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೂತು ಚೀಟಿ ಕೊಡುವವಳು, ದಿನವಿಡೀ ಒಳಗಿನಿಂದ ಜನ ಕಿರುಚುವುದು ಕೇಳುತ್ತೇನೆ, ಭಾನುವಾರ ಇಲ್ಲೂ ಅದೇನಾ ಅಂದಿದ್ದೆ. ಬಸ್ಸಿನ ಕಂಡಕ್ಟರರ ಗಂಟಲು ಅವರದು. ಸಂತೆಯಷ್ಟು ಗದ್ದಲವಿದ್ದರೂ ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ ಕೇಳುವ ಗಂಟಲು. ಆಟ ಶುರುವಾಗುವ ಮೊದಲು ಇಡೀ ಗ್ಯಾಲರಿ ಸುಮ್ಮನಾಗುತ್ತಿತ್ತು, ಕಂಡಕ್ಟರ್ ಕೂಗು ಆಗಲಿ ಅನ್ನುವರು, ಇವರು ಕಬ್ಬಿಣದ ಕಂಬಿಯ ಮೇಲೆ ಒಂದು ಕಾಲಿಟ್ಟು, ಕೊನೆಯ ನಿಲ್ದಾಣದ ಹೆಸರು ಕೂಗುವ ಹಾಗೆ ಎಳೆದು, ಮೈದಾನ ಯಾರ್ದೂ — ಆಗ ಸಾವಿರ ಗಂಟಲು ಒಂದಾಗಿ, ನಮ್ದೂ. ನನಗೆ ನಾಚಿಕೆ, ಅಂಗಿ ಜಗ್ಗುತ್ತಿದ್ದೆ, ಜಗ್ಗಿದಷ್ಟೂ ಜೋರು. ಆಮೇಲೆ ಗಂಟಲಿನ ಆಪರೇಷನ್. ಬದುಕಿದರು, ಮಾತು ಹೋಯಿತು, ಒಂದು ವರ್ಷ ಕೈಸನ್ನೆ, ಚಪ್ಪಾಳೆ, ತಟ್ಟೆಗೆ ಚಮಚ ಬಡಿದು ನನ್ನನ್ನು ಕರೆಯುವುದು, ಆಮೇಲೆ ಅದೂ ಇಲ್ಲ. ಮಗಳ ಮದುವೆಯಾದದ್ದು ಆ ವರ್ಷದಲ್ಲಿ, ಅಳಿಯ ಮಾವನ ಒಂದೇ ಒಂದು ಮಾತು ಕೇಳಿದವನಲ್ಲ. ಮನೆಯಲ್ಲಿ ಫೋಟೋಗಳಿವೆ ರಾಶಿ, ಧ್ವನಿ ಎಲ್ಲೂ ಇಲ್ಲ, ಯಾರಿಗೆ ಹೊಳೆಯುತ್ತದೆ ಹೇಳಿ, ದಿನಾ ಕಿವಿ ತೂತಾಗುವಷ್ಟು ಕೇಳುವುದನ್ನು ಹಿಡಿದಿಟ್ಟುಕೊಳ್ಳಬೇಕು ಅಂತ. ಮುಖ ಮರೆತಿಲ್ಲ, ಧ್ವನಿ ಮರೆತಿದ್ದೇನೆ, ಹಾಸಿಗೆಯಲ್ಲಿ ಮಲಗಿ ನೆನೆಸಿಕೊಳ್ಳಲು ನೋಡುತ್ತೇನೆ, ಮಾತು ಬರುತ್ತದೆ, ಧ್ವನಿ ನನ್ನದೇ ಇರುತ್ತದೆ.

ಸೆಖೆ. ಗಾಳಿಯಂತ್ರ ಓಡುತ್ತಿದ್ದರೂ ಸೆಖೆ. ಗಾಜಿಗೊಂದು ಬಾಗಿಲಿದೆ, ಅದರಾಚೆ ಒಬ್ಬರು ನಿಲ್ಲುವಷ್ಟು ಕಂಬಿ ಹಾಕಿದ ಬಾಲ್ಕನಿ, ಸ್ವಲ್ಪ ಗಾಳಿ ಕುಡಿದು ಬರ್ತೀನಪ್ಪ ಅಂತ ಬಾಗಿಲು ತಳ್ಳಿದೆ — ತಳ್ಳಿದ ಕೂಡಲೇ ಜನರ ಅಬ್ಬರ ಮುಖಕ್ಕೆ ಹೊಡೆಯಿತು, ಇಷ್ಟೊಂದು ಜನ ಬಂದಿದ್ದಾರಾ ಅಂತ ಖುಷಿಯಾಗಿ ಆಚೀಚೆ ನೋಡಿದರೆ ಕುರ್ಚಿಗಳೆಲ್ಲ ಖಾಲಿ, ಎದುರಿನ ಸಾಲುಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು, ಟಿಕೆಟ್ಟಿನ ಬೆಲೆ ಏರಿಸಿದ ಮೇಲೆ ನಮ್ಮಂಥವರು ಬರುವುದು ಬಿಟ್ಟೆವಲ್ಲ, ಹಾಗಿದ್ದರೆ ಕೂಗುತ್ತಿರುವವರು ಯಾರು, ಬಾಯಿ ಕಾಣುತ್ತಿಲ್ಲ ಅಬ್ಬರ ಕೇಳುತ್ತಿದೆ, ಚಾವಣಿಯ ಅಂಚಿನಲ್ಲಿ ಕಪ್ಪು ಸ್ಪೀಕರುಗಳ ಸಾಲು. ಅದು ರೆಕಾರ್ಡು ಅತ್ತೆ, ಟೀವಿಲಿ ನೋಡೋರಿಗೆ ಮೈದಾನ ತುಂಬಿದೆ ಅನ್ನಿಸಬೇಕಲ್ಲ. ಎಲ್ಲೋ ಒಬ್ಬನ ಬೆರಳು ಒಂದು ಗುಂಡಿಯ ಮೇಲಿದೆ, ಒತ್ತಿದರೆ ಜನ, ಬಿಟ್ಟರೆ ಮೌನ. ನಗು ಬಂತು. ಮೂಲೆಯಿಂದ ಚೆಂಡು ಒದೆಯಲು ನೇರಳೆ ಅಂಗಿಯವನು ಕೈಯೆತ್ತಿದ, ಅಬ್ಬರ ತಗ್ಗಿತು, ಆಗ ಆ ಸ್ಪೀಕರುಗಳಿಂದ, ಎಡದಿಂದ, ಬಲದಿಂದ, ನೆತ್ತಿಯ ಮೇಲಿಂದ, ಮೈದಾನ ಯಾರ್ದೂ —

ಕಂಬಿ ಹಿಡಿದುಕೊಂಡೆ. ಇರಲಾರದು, ಯಾರೋ ಬೇರೆಯವರು, ಎಷ್ಟು ಜನ ಕಂಡಕ್ಟರುಗಳಿಲ್ಲ ಲೋಕದಲ್ಲಿ, ಅಷ್ಟರಲ್ಲಿ ಎಳೆತದ ತುದಿಯಲ್ಲಿ ಎರಡು ಕೆಮ್ಮು, ಆಪರೇಷನ್ನಿಗೆ ಮುಂಚಿನ ವರ್ಷದ ಒಣಕೆಮ್ಮು, ಕೆಮ್ಮಿನ ಹಿಂದೆಯೇ ಒಬ್ಬ ಹೆಂಗಸಿನ ಸಿಡುಕು, ಸಾಕು ಕೂತ್ಕೊಳ್ರೀ — ಅಯ್ಯೋ ಅದು ನಾನು. ನಾನೇ. ಇಡೀ ಮೈದಾನದ ತುಂಬ ನಾನು ನನ್ನ ಗಂಡನನ್ನು ಗದರಿಸುತ್ತಿದ್ದೇನೆ. ಆಮೇಲೆ ಸಾವಿರ ಗಂಟಲು, ನಮ್ದೂ, ಅದರ ಮೇಲೆ ತಕ್ಷಣ ಒಂದು ಸಂಗೀತ, ನುಣ್ಣನೆಯ ದನಿ, ಅಭಿಮಾನಿಗಳ ಈ ಕೂಗನ್ನು ನಿಮಗೆ ಅರ್ಪಿಸುವವರು, ಡಬ್ಬಿಯ ಹೆಸರು. ಹೌದು, ಹೌದು, ಆ ವರ್ಷ ಗ್ಯಾಲರಿಯ ಕಂಬಗಳಿಗೆ ಬೆಕ್ಕಿನ ಬಾಲದಂಥ ಮೈಕುಗಳನ್ನು ಕಟ್ಟಿದ್ದರು, ಟೀವಿಗೆ ಅಂದಿದ್ದರು, ಇವರು ಹಿಗ್ಗಿ ಹೋಗಿದ್ದರು, ಮೈಕಿನ ಕಡೆಗೇ ಮುಖ ಮಾಡಿ ಕೂಗುತ್ತಿದ್ದರು, ನೋಡೇ, ನನ್ನ ಗಂಟಲು ಟೀವಿಲಿ ಬರತ್ತೆ. ಅವರು ಹೋದ ಮೇಲೆ ನಾನು ಟೀವಿಯಲ್ಲೂ ಆಟ ನೋಡಿದವಳಲ್ಲ. ಅಳಿಯ ಹಿಂದೆ ಬಂದು ಏನಾಯ್ತು ಅತ್ತೆ, ತಲೆ ಸುತ್ತಾ ಅಂದ. ಅದು ನಿನ್ನ ಮಾವ ಕಣಪ್ಪಾ ಅಂದೆ. ಅವನು ಮೇಲೆ ನೋಡಿದ, ನನ್ನ ನೋಡಿದ, ನನಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು, ಆದರೆ ಮುಂದಿನ ಸಲ ಕೂಗು ಬಂದಾಗ ನನ್ನ ದನಿ ಅವನಿಗೂ ಕೇಳಿತು, ಕೂಗನ್ನು ತುಂಬಿಕೊಳ್ಳಲು ಫೋನು ಎತ್ತಿ ಹಿಡಿದು ನಿಂತ, ಹಿಡಿದದ್ದರಲ್ಲಿ ಸಿಕ್ಕಿದ್ದು ಬರೀ ಅಬ್ಬರ ಮತ್ತು ಡಬ್ಬಿಯ ಸಂಗೀತ.

ನಡುವಿರಾಮ. ಕಾರಿಡಾರಿನ ರತ್ನಗಂಬಳಿ, ಹೆಜ್ಜೆ ಹೂತುಹೋಗುವಂಥದ್ದು, ಅಳಿಯ ಕುತ್ತಿಗೆಯ ಬಿಲ್ಲೆ ತೋರಿಸುತ್ತಾ ಮುಂದೆ, ನಾನು ಹಿಂದೆ, ಆ ಕೂಗು ಹಾಕುವ ಧ್ವನಿ ಕೋಣೆಯ ಕಾವಲುಗಾರ ಇಬ್ಬರ ಫೋನನ್ನೂ ಬಾಗಿಲಲ್ಲೇ ಇಸಿದುಕೊಂಡ. ಒಳಗೆ ಒಬ್ಬ ಬೋಳುತಲೆಯ ಗಂಡಸು, ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ, ಎದುರಿಗೆ ದೀಪ ಹೊತ್ತಿದ ಗುಂಡಿಗಳು, ಒಂದರ ಮೇಲೆ ಅವನ ಬೆರಳು ಸುಮ್ಮನೆ ಒರಗಿತ್ತು. ಸ್ವಲ್ಪ ಕೇಳ್ರೀ ಇಲ್ಲಿ ಅಂದೆ. ಅಷ್ಟೇ ಅಂದದ್ದು. ಅವನು ಬೆನ್ನಿಗೆ ಬಿಸಿ ತಾಗಿದವನ ಹಾಗೆ ತಿರುಗಿದ, ನನ್ನನ್ನು ದಿಟ್ಟಿಸಿದ, ಬಾಯಿ ತೆರೆದುಕೊಂಡೇ ಇತ್ತು. ಆ ಕೂತ್ಕೊಳ್ರೀ — ಅದು ನೀವಾ ಅಮ್ಮಾ? ಮೂರು ಸೀಸನ್ನಿನಿಂದ ದಿನಾ ನನ್ನ ದನಿ ಕೇಳುತ್ತಿದ್ದಾನೆ, ಮನೆಯವರ ದನಿಗಿಂತ ಚೆನ್ನಾಗಿ ಪರಿಚಯವಾಗಿಬಿಟ್ಟಿದೆಯಂತೆ, ಮೈಕು ಕಟ್ಟಿದವನೂ ಅವನೇ, ಕಂಡಕ್ಟರ್ ಹೇಗಿದ್ದಾರೆ ಅಂದ. ಇಲ್ಲ ಅಂದೆ. ಅವನು ಎದ್ದು ತನ್ನ ಕುರ್ಚಿ ಕೊಟ್ಟ. ಒಂದು ಸಲ ಅವರದಷ್ಟೇ ಹಾಕಿ, ಜನ ಬೇಡ, ಡಬ್ಬಿ ಬೇಡ. ನನ್ನ ಕಿವಿಗೆ ದಪ್ಪನೆಯ ಹೆಡ್‌ಫೋನು ಸಿಕ್ಕಿಸಿದ, ಅಳಿಯನಿಗೂ ಒಂದು, ಬೆರಳು ಇಳಿಯಿತು — ಮೊದಲು ಉಸಿರು. ಕೂಗುವ ಮೊದಲು ಅವರು ಎಳೆದುಕೊಳ್ಳುತ್ತಿದ್ದ ಉಸಿರು, ಮೂಗಿನಲ್ಲಿ ಸಣ್ಣ ಸಿಳ್ಳೆ, ಅದನ್ನು ನಾನು ಪೂರ್ತಿ ಮರೆತಿದ್ದೆ, ಪಕ್ಕದಲ್ಲೇ ನಿಂತಿದ್ದಾರೆ, ಅಂಗಿ ಜಗ್ಗಿದರೆ ಸಿಗುತ್ತದೆ, ಆಮೇಲೆ ಕೂಗು, ಕೆಮ್ಮು, ನಾನು, ಆಮೇಲೆ ನನಗೆ ಎಂದೂ ಕೇಳದೆ ಹೋಗಿದ್ದ ಒಂದು ಮಾತು, ಮೈಕಿಗೆ ಮಾತ್ರ ಕೇಳಿದ್ದು, ನಗುತ್ತಾ, ತಗ್ಗಿದ ದನಿಯಲ್ಲಿ, ಇವಳೊಬ್ಬಳು. ಇವಳೊಬ್ಬಳು. ಅಳಿಯ ಗೋಡೆಯ ಕಡೆಗೆ ತಿರುಗಿ ನಿಂತುಬಿಟ್ಟಿದ್ದ.

ಇದನ್ನ ನನಗೆ ಕೊಡಿ. ಆಗಲ್ಲಮ್ಮ, ಈ ಯಂತ್ರದಿಂದ ಏನೂ ಹೊರಗೆ ತೆಗೆಯೋಕಾಗದ ಹಾಗೆ ಬೀಗ ಹಾಕಿದ್ದಾರೆ, ಆಟ ಮುಗಿದ ಕೂಡಲೇ ಇದನ್ನೂ ಕಟ್ಟಿ ಆ ಊರಿಗೆ ಕಳಿಸ್ತಾರೆ, ಕೂಗು ತಂಡದ್ದೇ ಆಸ್ತಿಯಂತೆ. ಆ ಊರಲ್ಲಿ ಇವರ್ಯಾಕೆ ಕೂಗಬೇಕು ಅಂದೆ. ಅವನು ಬೋಳುತಲೆ ಸವರಿಕೊಂಡ, ಹೇಳಬಾರದು ಅಂದ, ಆಮೇಲೆ ಕೇಳಿಬಿಡಿ ಅಂತ ಪಕ್ಕದ ಗುಂಡಿ ಒತ್ತಿದ. ಮತ್ತೆ ಅವರೇ. ಅದೇ ಗಂಟಲು, ಅದೇ ಎಳೆತ, ಆದರೆ ಕೂಗಿದ್ದು ಆ ಇನ್ನೊಂದು ಊರಿನ ಹೆಸರು, ಅವರು ಜೀವಮಾನದಲ್ಲಿ ಕಾಲಿಡದ ಊರು, ಆಮೇಲೆ ಗಂಟಲು ಇಳಿಸಿ, ಮನೆಯಲ್ಲಿ ಮಾತಾಡುವ ಹಾಗೆ, ನಿಮ್ಮ ಗೋಡೆಗೆ ನೀವೇ ಅಭಿಮಾನಿ ಅಲ್ವಾ, ಅಂತ ಡಬ್ಬಿಯ ಹೆಸರು ಹೇಳಿದರು. ಕೆಮ್ಮು ಇಲ್ಲ. ಒರೆಸಿ ತೆಗೆದಿದ್ದಾರೆ. ನಾನೂ ಇಲ್ಲ. ನೀರು ಬೇಕು ಅನ್ನುವುದಕ್ಕೆ ತಟ್ಟೆ ಬಡಿಯುತ್ತಿದ್ದ ಮನುಷ್ಯನ ಬಾಯಲ್ಲಿ ಬಣ್ಣ ಮಾರಿಸುತ್ತಿದ್ದಾರೆ, ಇಷ್ಟು ಸ್ವಚ್ಛವಾಗಿ, ಇಷ್ಟು ಪ್ರೀತಿಯಿಂದ, ನನ್ನ ಹತ್ತಿರ ಮಾತಾಡಿದ ಹಾಗೇ ಮಾತಾಡಿಸುತ್ತಿದ್ದಾರೆ — ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಹಾಕಿದೆ, ಅದರೊಳಗಿನಿಂದ ಇರುವೆಯಷ್ಟು ದನಿಯಲ್ಲಿ ಅವರು ಇನ್ನೂ ಬಣ್ಣದ ಗುಣಗಾನ ಮಾಡುತ್ತಲೇ ಇದ್ದರು. ಒಮ್ಮೆ ದನಿ ಸಿಕ್ಕರೆ ಸಾಕಂತೆ, ಯಂತ್ರ ಏನು ಬೇಕಾದರೂ ಹೇಳಿಸುತ್ತದಂತೆ, ಇನ್ನು ಎಷ್ಟು ವರ್ಷವಾದರೂ ಹೇಳಿಸುತ್ತದಂತೆ. ಯಾರನ್ನು ಕೇಳಿದರು? ಗ್ಯಾಲರಿ ಒಡೆಯುವಾಗ ಕೇಳಲಿಲ್ಲ, ಬಣ್ಣ ಬದಲಿಸುವಾಗ ಕೇಳಲಿಲ್ಲ, ಅದು ಹೋಗಲಿ, ಮಾಲೀಕರು, ಅವರ ಅಂಗಡಿ, ಆದರೆ ನನ್ನ ಗಂಡನ ಬಾಯಿ —

ಕೊಡೋಕೆ ಬರಲ್ಲಮ್ಮ, ಅಳಿಸೋದು ಮಾತ್ರ ನನ್ನ ಕೈಲಿದೆ, ಅವರ ದನಿ ಬಿಡಿಯಾಗಿ ಬೇರೆ ಎಲ್ಲೂ ಇಲ್ಲ, ಕಳಿಸೋ ಕೆಲಸ ಇವತ್ತು ಸಂಜೆಯದು, ಯಂತ್ರ ಕೆಟ್ಟಿತು ಅಂತ ಹೇಳ್ತೀನಿ, ಎರಡೂ ಒಟ್ಟಿಗೇ ಹೋಗತ್ತೆ, ಆ ಕೂಗೂ ಈ ಮಾರಾಟದ್ದೂ. ನಿಮ್ಮ ಕೆಲಸ ಹೋಗುತ್ತದಲ್ಲಪ್ಪಾ ಅಂದೆ. ನಾನು ಆ ಊರಿಗೆ ಹೋಗ್ತಿಲ್ಲ ಬಿಡಿ ಅಂದ. ಕೆಂಪು ದೀಪದ ಗುಂಡಿ ತೋರಿಸಿದ, ಒತ್ತಿ ಹಿಡಿದಿರಬೇಕಂತೆ, ದೀಪ ಆರುವ ತನಕ, ನಡುವೆ ಬೆರಳು ಎತ್ತಿದರೆ ಏನೂ ಅಳಿಯುವುದಿಲ್ಲವಂತೆ, ಯೋಚನೆ ಮಾಡಿ ಅಮ್ಮ, ಒಂದ್ಸಲ ಹೋದ್ರೆ ಹೋಯ್ತು. ಅತ್ತೆ, ಬೇಡ, ಎಲ್ಲೋ ಒಂದು ಕಡೆ ಇದೆ ಅಂತಾದ್ರೂ ಇರತ್ತೆ, ವಕೀಲರನ್ನ ಕೇಳೋಣ, ಅವಳಿಗೆ ಒಂದ್ಸಲ ಕೇಳಿಸೋಣ. ಅವಳಿಗೆ, ನನ್ನ ಮಗಳಿಗೆ, ಅವಳಿಗೂ ದನಿ ಮರೆತಿದೆ, ಅಪ್ಪ ಹೇಗೆ ಕರೀತಿದ್ರು ಹೇಳಮ್ಮಾ ಅಂತ ಈಗಲೂ ಕೇಳುತ್ತಾಳೆ. ಈ ಕೋಣೆಯ ಗಾಜಿನಾಚೆ ಆಟಗಾರರು ಮತ್ತೆ ಇಳಿಯುತ್ತಿದ್ದಾರೆ, ನೇರಳೆ, ನೇರಳೆ, ರೆಫರಿ ಗಡಿಯಾರ ನೋಡುತ್ತಿದ್ದಾನೆ, ಇನ್ನೇನು ಈ ಬೋಳುತಲೆಯವನು ಕೂಗಿನ ಗುಂಡಿ ಒತ್ತಬೇಕು, ವಕೀಲರು ಬರುವಷ್ಟರಲ್ಲಿ ನಮ್ಮವರು ಆ ಊರಿನ ಪ್ರತಿ ಬಸ್‌ ನಿಲ್ದಾಣದಲ್ಲಿ ಬಣ್ಣ ಮಾರುತ್ತಿರುತ್ತಾರೆ, ಹೆಡ್‌ಫೋನು ಮತ್ತೆ ಹಾಕಿಕೊಂಡೆ, ಮೊದಲಿನದು ಹಾಕಿ, ಪೂರ್ತಿ ಹಾಕಿ, ಉಸಿರಿನಿಂದ. ಉಸಿರು, ಸಿಳ್ಳೆ, ನನ್ನ ಬೆರಳು ಗುಂಡಿಯ ಮೇಲೆ, ಮೈದಾನ ಯಾರ್ದೂ, ಉಗುರು ಬೆಳ್ಳಗಾಗಿದೆ, ಕೆಮ್ಮು, ಕೆಂಪು ದೀಪ ಮಿನುಗುತ್ತಿದೆ, ಸಾಕು ಕೂತ್ಕೊಳ್ರೀ, ಎತ್ತಿದರೆ ಉಳಿಯುತ್ತಾರೆ, ಉಳಿದರೆ ಮಾಲೀಕರ ಕೈಯಲ್ಲಿ, ಅಳಿಯ ತೋಳು ಹಿಡಿದಿದ್ದಾನೆ, ಎಳೆಯುತ್ತಿಲ್ಲ, ಹಿಡಿದಿದ್ದಾನೆ ಅಷ್ಟೆ, ಇವಳೊಬ್ಬಳು, ದೀಪ ಮಿನುಗುತ್ತಿದೆ, ಮತ್ತೆ ಉಸಿರು, ಮತ್ತೆ ಸಿಳ್ಳೆ, ದನಿ ತೆಳ್ಳಗಾಗುತ್ತಿದೆಯೇ, ಇಲ್ಲ, ಇದೆ, ಇನ್ನೂ ಇದೆ, ಇವಳೊಬ್ಬಳು, ಬೆರಳು, ಕೆಂಪು ದೀಪ, ಬೆರಳು, ಎತ್ತಿಲ್ಲ, ಬೆರಳು —