ನೀರಿಗೂ ಕಬ್ಬಿಣದ ರುಚಿ

ಬೆಳಗ್ಗೆ ಎದ್ದವನೇ ರುಚಿಗಾರ ಒಂದು ಲೋಟ ನೀರು ಕುಡಿದ. ಅಲ್ಲಿಗೆ ಅವನ ನೆಮ್ಮದಿ ಮುಗಿಯಿತು. ನೀರಿಗೆ ಕಬ್ಬಿಣದ ರುಚಿಯಿತ್ತು. ಲೋಟ ಗಾಜಿನದು. ಇನ್ನೊಂದು ಲೋಟ ತೆಗೆದುಕೊಂಡ, ಬಾಯಿ ಮುಕ್ಕಳಿಸಿದ, ಹಲ್ಲು ಮತ್ತೊಮ್ಮೆ ಉಜ್ಜಿದ, ಮತ್ತೆ ಕುಡಿದ. ಅದೇ ರುಚಿ. ಬಾಗಿಲ ಬೀಗದ ಕೈಯನ್ನು ಚೀಪಿದ ಹಾಗೆ.

ಬೇರೆ ಯಾರಾದರೂ ಆಗಿದ್ದರೆ ‘ಹಾಳಾಗ್ಲಿ’ ಎಂದು ಕೆಲಸ ನೋಡಿಕೊಳ್ಳುತ್ತಿದ್ದರು. ಆದರೆ ಇವನ ಅನ್ನ ಹುಟ್ಟುತ್ತಿದ್ದುದೇ ನಾಲಗೆಯಿಂದ. ಊರಾಚೆಯ ಜಾಮ್ ಕಾರ್ಖಾನೆಯಲ್ಲಿ ದೊಡ್ಡ ಕೊಪ್ಪರಿಗೆಯಿಂದ ಇಳಿದ ಹಣ್ಣಿನ ಪಾಕವನ್ನು ಮೊದಲು ಬಾಯಿಗಿಡುವವನು ಇವನು. ಇವನು ತಲೆ ಆಡಿಸಿದರೆ ಪಾಕ ಬಾಟಲಿಗೆ, ಮುಖ ಸಿಂಡರಿಸಿದರೆ ಮೋರಿಗೆ. ಕಾರ್ಖಾನೆಗೆ ಒಂದೇ ನಾಲಗೆ ಇರಬೇಕು ಎನ್ನುವುದು ಹಳೆಯ ಯಜಮಾನರು ಮಾಡಿಟ್ಟ ಕಟ್ಟಳೆ. ಪಾಕ ಕಾಯಿಸುವವರು ಬೆರಳು ನೆಕ್ಕಿದರೂ ಕೆಲಸಕ್ಕೆ ಸಂಚಕಾರ. ಇಷ್ಟು ವರ್ಷ ಹೀಗೆ ತಲೆ ಆಡಿಸುತ್ತಾ ಬಂದು ರುಚಿಗಾರನಿಗೆ ತನ್ನ ನಾಲಗೆಯ ಮೇಲೆ ದೇವರ ಮೇಲಿನದಕ್ಕಿಂತ ಒಂದು ಕೈ ಹೆಚ್ಚೇ ನಂಬಿಕೆ ಬಂದುಬಿಟ್ಟಿತ್ತು.

ಎರಡು ತಿಂಗಳಿಂದ ಆ ನಾಲಗೆ ಒಂದೇ ಮಾತು ಹೇಳುತ್ತಿತ್ತು: ಕಬ್ಬಿಣ. ಮೊದಲು ಚಮಚದ ಮೇಲೆ ಅನುಮಾನ ಬಂತು. ಸ್ಟೀಲ್ ಚಮಚ ಬಿಟ್ಟು ಮರದ್ದು ತಂದ, ಮರದ್ದು ಬಿಟ್ಟು ಪಿಂಗಾಣಿಯದು ತಂದ. ರುಚಿ ಹೋಗಲಿಲ್ಲ. ಮನೆಯ ಊಟದಲ್ಲಿ ಅದು ಸುಳಿದರೂ, ಪಾಕದ್ದೇ ಬಾಯಲ್ಲಿ ಉಳಿದಿದೆ ಎಂದುಕೊಂಡ. ಮ್ಯಾನೇಜರೂ ಒಂದು ಸಲ ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, “ಹೌದು ಹೌದು, ಹಿಂದೆ ಎಲ್ಲೋ ಸ್ವಲ್ಪ ಇದೆ” ಎಂದರು. ಅವರ ನಾಲಗೆಗೆ ಏನು ತಿಳಿಯುತ್ತಿತ್ತೋ ಆ ದೇವರಿಗೇ ಗೊತ್ತು, ರುಚಿಗಾರ ಹೇಳಿದ ಮೇಲೆ ಇಲ್ಲವೆನ್ನುವ ಧೈರ್ಯ ಅವರಿಗಿರಲಿಲ್ಲ. ಕೊನೆಗೆ ತಪ್ಪು ಕೊಪ್ಪರಿಗೆಯವನ ತಲೆಗೆ ಬಂತು. ತಂತಿ ಬ್ರಷ್ ಹಾಕಿ ತಿಕ್ಕಿ ಒಳಗಿನ ಲೇಪ ಕಿತ್ತಿದ್ದಾನೆ ಎಂದರು. ಅವನು ಬಟ್ಟೆಯಲ್ಲೇ ಒರೆಸುವುದೆಂದು ಆಣೆ ಇಟ್ಟ. ಯಾರೂ ಕೇಳಲಿಲ್ಲ. ಇವತ್ತು ಊಟದ ಗಂಟೆ ಆದಮೇಲೆ ಅವನನ್ನು ಮನೆಗೆ ಕಳಿಸುವುದೆಂದು ತೀರ್ಮಾನವಾಗಿತ್ತು.

ಆ ಕೊಪ್ಪರಿಗೆಯವನು ರುಚಿಗಾರನ ಹೆಂಡತಿಯ ಒಬ್ಬನೇ ತಮ್ಮ.

“ನನ್ನ ತಮ್ಮನ ಹೊಟ್ಟೆ ಮೇಲೆ ಹೊಡೆದು ನಿಮಗೇನು ಸಿಕ್ತು?” ಎಂದು ಹೆಂಡತಿ ವಾರದಿಂದ ಕೇಳುತ್ತಿದ್ದಳು. “ನಾಲಗೆಗೆ ನೆಂಟಸ್ತನ ಗೊತ್ತಿಲ್ಲ” ಎಂದು ಇವನು ದೊಡ್ಡದಾಗಿ ಹೇಳಿದ್ದ. ಆ ಮಾತು ಆಡಿದಾಗ ಎದೆ ಉಬ್ಬಿತ್ತು. ಇವತ್ತು ಬರೀ ನೀರು ಕುಡಿದಾಗಿನಿಂದ ಅದೇ ಎದೆ ಡವಡವ ಎನ್ನುತ್ತಿತ್ತು. ಮನೆಯ ನೀರು ಯಾವ ಕೊಪ್ಪರಿಗೆಯಲ್ಲೂ ಕಾದದ್ದಲ್ಲ. ಇನ್ನು, ಸಕ್ಕರೆ ಕಾಯಿಲೆಯ ಮಾತ್ರೆ ಶುರುಮಾಡಿದ್ದೂ ಎರಡು ತಿಂಗಳ ಹಿಂದೆಯೇ.

ಡಾಕ್ಟರಮ್ಮನನ್ನು ನೋಡುವ ದಿನವೂ ಅದೇ ಆಗಿತ್ತು. ಕ್ಲಿನಿಕ್ಕಿನ ಹೊರಕೋಣೆಯಲ್ಲಿ ರುಚಿಗಾರ ಕಾಲು ಸುಟ್ಟ ಬೆಕ್ಕಿನಂತೆ ಓಡಾಡಿದ. ತೂಕದ ಯಂತ್ರದ ಮೇಲೆ ಹತ್ತಿ ಇಳಿದ. ಗೋಡೆಯ ಮೇಲೆ ಕಾಲಿನ ಹುಣ್ಣಿನ ಚಿತ್ರವಿತ್ತು, ಅದನ್ನು ನೋಡಿ ಮುಖ ತಿರುಗಿಸಿದ. ಮೂಲೆಯಲ್ಲಿದ್ದ ನೀರಿನ ಯಂತ್ರದಿಂದ ಕಾಗದದ ಲೋಟದಲ್ಲಿ ನೀರು ಹಿಡಿದು ಕುಡಿದು, ಲೋಟವನ್ನು ಹಿಸುಕಿ ಬುಟ್ಟಿಗೆ ಎಸೆದ.

“ಒಂದು ಕಡೆ ಕೂತ್ಕೊಳ್ರೀ. ನೋಡೋರಿಗೆ ಹೆರಿಗೆ ಆಸ್ಪತ್ರೆ ಅನ್ನಿಸ್ಬೇಕು” ಎಂದಳು ಹೆಂಡತಿ.

ಅವನು ಕೂತ, ಮತ್ತೆ ಎದ್ದ. ಮಾತ್ರೆಯಿಂದ ಹೀಗಾಗುವುದಿಲ್ಲ ಎಂದು ಡಾಕ್ಟರಮ್ಮ ಒಂದು ಮಾತು ಹೇಳಿಬಿಡಲಿ ಎಂದು ಅವನ ಜೀವ ಹಂಬಲಿಸುತ್ತಿತ್ತು. ಹಾಗೆ ಹೇಳಿದರೆ ನಾಲಗೆ ಉಳಿಯುತ್ತದೆ, ಭಾವಮೈದ ಹೋಗುತ್ತಾನೆ. ಇಂಥ ಆಸೆಗೆ ಅವನಿಗೇ ನಾಚಿಕೆಯಾಯಿತು. ಆಸೆ ಮಾತ್ರ ಹೋಗಲಿಲ್ಲ.

ಒಳಗೆ ಡಾಕ್ಟರಮ್ಮ ರಕ್ತದ ರಿಪೋರ್ಟು ನೋಡಿದರು. “ಸಕ್ಕರೆ ಇಳಿದಿದೆ. ಆದ್ರೆ ನಾವು ಅಂದ್ಕೊಂಡಷ್ಟು ಇಳಿದಿಲ್ಲ. ಮಾತ್ರೆ ಸ್ವಲ್ಪ ಜಾಸ್ತಿ ಮಾಡೋಣ. ಒಗ್ಗಿದೆ ತಾನೆ? ಹೊಟ್ಟೆ ಕೆಡೋದು, ವಾಂತಿ?”

“ಇಲ್ಲ.”

“ಬೇರೆ ಏನಾದ್ರೂ?”

ರುಚಿಗಾರ ಉಗುಳು ನುಂಗಿದ. ಅದೂ ಕಬ್ಬಿಣವೇ. ಕೇಳಿದರೆ ಉತ್ತರ ಬರುತ್ತದೆ, ಕೇಳದಿದ್ದರೆ ಮಾತ್ರೆ ಹೆಚ್ಚುತ್ತದೆ. ಅವನು ಮೇಜಿನ ಮೇಲಿದ್ದ ಪೇಪರ್‌ವೇಟನ್ನು ತಿರುಗಿಸತೊಡಗಿದ.

“ಬೆಳಗ್ಗೆ ನೀರು ಕುಡಿದು ಲೋಟ ಮೂಸ್ತಾ ಇದ್ರು ಡಾಕ್ಟ್ರೇ” ಎಂದಳು ಹೆಂಡತಿ. “ಮಾತ್ರೆಯಿಂದ ತಲೆಗೇನಾದ್ರೂ ಆಗುತ್ತಾ?”

“ತಲೆಗಲ್ಲ ಮಾರಾಯ್ತಿ, ಬಾಯಿಗೆ!” ರುಚಿಗಾರನ ಮಾತು ಅವನ ಕೈ ಮೀರಿ ಹೊರಗೆ ಬಿತ್ತು. “ಡಾಕ್ಟ್ರೇ, ಈ ಮಾತ್ರೆಯಿಂದ ಬಾಯಿರುಚಿ ಕೆಡುತ್ತಾ? ಕಬ್ಬಿಣ ನೆಕ್ಕಿದ ಹಾಗೆ?”

“ಕೆಲವರಿಗೆ ಕೆಡುತ್ತೆ” ಎಂದರು ಡಾಕ್ಟರಮ್ಮ, ಸಲೀಸಾಗಿ. “ಶುರುಮಾಡುವಾಗ ನಾನೂ ಹೇಳ್ಬೇಕಿತ್ತು. ಗಾಬರಿ ಬೇಡ, ಎಷ್ಟೋ ಜನಕ್ಕೆ ತಾನಾಗೇ ಹೋಗುತ್ತೆ. ಅಂಥ ತೊಂದರೆ ಏನಿಲ್ಲ.”

ತೊಂದರೆ ಏನಿಲ್ಲ! ಎರಡು ತಿಂಗಳ ಜಾಮು ಮೋರಿಯಲ್ಲಿ ಹರಿದುಹೋಗಿತ್ತು. ರುಚಿಗಾರ ಹೆಂಡತಿಯ ಕಡೆ ನೋಡಲಿಲ್ಲ. ನೋಡದೆಯೂ ಅವಳ ಮುಖ ಕಾಣಿಸುತ್ತಿತ್ತು.

“ನಿಮ್ಮ ಕೆಲಸ ಏನು ಅಂದಿದ್ರಿ? ಫ್ಯಾಕ್ಟ್ರಿಯಲ್ಲಿ ತಪಾಸಣೆ, ಅಲ್ವಾ?”

“ಹೂಂ.”

“ಏನು ತಪಾಸಣೆ ಮಾಡ್ತೀರಿ?”

ಅವನು ಪೇಪರ್‌ವೇಟು ತಿರುಗಿಸಿದ. ಹೆಂಡತಿಯೇ ಹೇಳಿದಳು: “ಜಾಮು! ಬೆಳಗಿಂದ ಸಂಜೆವರೆಗೆ ಜಾಮು ನೆಕ್ತಾರೆ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

“ಉಗೀತೀನಿ ಡಾಕ್ಟ್ರೇ.”

“ಎಲ್ಲಾನೂ?”

“ಕೆಟ್ಟಿದ್ರೆ ಉಗೀತೀನಿ” ಎಂದ ರುಚಿಗಾರ, ತಗ್ಗಿದ ದನಿಯಲ್ಲಿ. “ಚೆನ್ನಾಗಿದ್ರೆ ಹೇಗೆ ಉಗಿಯೋದು?”

ಡಾಕ್ಟರಮ್ಮನಿಗೆ ನಗು ಬಂದರೂ ತಡೆದುಕೊಂಡರು. “ಇದನ್ನ ಮೊದಲೇ ಹೇಳಿದ್ರೆ ನಾನು ಬೇರೆ ತರ ಯೋಚನೆ ಮಾಡ್ತಿದ್ದೆ. ಔಷಧಿ ಅಂದ್ರೆ ಒಂದೇ ಇರಲ್ಲ ನೋಡಿ. ಇನ್ನೊಂದು ಜಾತಿ ಮಾತ್ರೆ ಇದೆ, ಸಕ್ಕರೆ ಚೆನ್ನಾಗಿ ಇಳಿಸುತ್ತೆ, ಆದ್ರೆ ಊಟ ತಪ್ಪಿದ್ರೆ ಒಮ್ಮೊಮ್ಮೆ ತೀರಾ ಇಳಿದು ಕೈಕಾಲು ನಡುಗುತ್ತೆ. ಮತ್ತೊಂದು ಸಕ್ಕರೆನ ಮೂತ್ರದಲ್ಲಿ ಕಳಿಸುತ್ತೆ, ಪದೇ ಪದೇ ಎದ್ದು ಹೋಗ್ಬೇಕು. ವಾರಕ್ಕೊಮ್ಮೆ ಚುಚ್ಚಿಕೊಳ್ಳೋ ಇಂಜೆಕ್ಷನ್ ಇದೆ, ಅದರಲ್ಲಿ ಕೆಲವರಿಗೆ ಊಟ ಕಂಡ್ರೆ ವಾಕರಿಕೆ. ಎಲ್ಲದಕ್ಕೂ ಒಂದು ಒಳ್ಳೇದು, ಒಂದು ಕಿರಿಕಿರಿ. ನಿಮಗೆ ಯಾವುದು ಮುಖ್ಯ, ಅದನ್ನ ಹೇಳಿ.”

“ನಾಲಗೆ.”

“ಕಣ್ಣು, ಕಿಡ್ನಿ, ಕಾಲು ಎಲ್ಲ ಬಿಟ್ಟು ನಾಲಗೆಯಂತೆ!” ಹೆಂಡತಿ ಹಣೆ ಚಚ್ಚಿಕೊಂಡಳು.

“ಕಣ್ಣು, ಕಿಡ್ನಿ ನಾನು ನೋಡ್ಕೋತೀನಿ ಅಮ್ಮ. ನಾಲಗೆ ಅವರ ಅನ್ನ. ಅದನ್ನೂ ಗಮನದಲ್ಲಿ ಇಟ್ಕೊಂಡೇ ಔಷಧಿ ಕೊಡ್ಬೇಕು” ಎಂದರು ಡಾಕ್ಟರಮ್ಮ. ಹಾಗೆಂದು ಯಾರೂ ಅಲ್ಲಿಯವರೆಗೆ ಹೇಳಿರಲಿಲ್ಲ. ರುಚಿಗಾರನ ಕಣ್ಣು ತುಂಬಿತು. ಅವನು ಅದನ್ನು ಕೆಮ್ಮಿನಲ್ಲಿ ಮುಚ್ಚಿದ.

ಕೊನೆಗೆ ಒಂದು ದಾರಿಗೆ ಬಂದರು. ಮಾತ್ರೆ ಈಗಲೇ ಹೆಚ್ಚಿಸುವುದು ಬೇಡ. ಅದೇ ಔಷಧಿಯಲ್ಲಿ ನಿಧಾನವಾಗಿ ಕರಗುವ ಜಾತಿಯದನ್ನು ರಾತ್ರಿ ಊಟದ ಜೊತೆ ತೆಗೆದುಕೊಂಡು ನೋಡುವುದು. ರುಚಿ ಚೆನ್ನಾಗಿದ್ದರೂ ಉಗಿಯುವುದು. ಅಷ್ಟಾದರೂ ಬಾಯಿ ಸರಿಹೋಗದಿದ್ದರೆ ಬೇರೆ ಔಷಧಿ. “ಬಾಯಿ ಕೆಟ್ಟಿತು ಅಂತ ನಿಮ್ಮಷ್ಟಕ್ಕೆ ನೀವೇ ಮಾತ್ರೆ ನಿಲ್ಲಿಸಬೇಡಿ. ಬಂದು ಹೇಳಿ.”

“ಈ ಹೊಸ ಮಾತ್ರೆಗೆ ಇವತ್ತು ಮಧ್ಯಾಹ್ನದೊಳಗೆ ಬಾಯಿ ಸರಿಹೋಗುತ್ತಾ?”

“ಯಾಕೆ, ಮಧ್ಯಾಹ್ನ ಏನಿದೆ?”

ಹೆಂಡತಿ ಆಗಲೇ ಚೀಲ ಹೆಗಲಿಗೇರಿಸಿ ಎದ್ದು ನಿಂತಿದ್ದಳು. ಕ್ಲಿನಿಕ್ಕಿನ ಮೆಟ್ಟಿಲನ್ನು ಅವನಿಗಿಂತ ಮುಂದೆ ಇಳಿದಳು. ಬೈದಿದ್ದರೆ ಎಷ್ಟೋ ಮೇಲಿತ್ತು. ಬಸ್ಸು ಬಂದಾಗ ಅವನನ್ನು ಹತ್ತಿಸಿ, ತಾನು ಕೆಳಗೇ ನಿಂತು, “ಹೋಗಿ ಹೇಳಿ” ಎಂದಳು. ಅಷ್ಟೇ.

ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಂತಿತು. ಸೀಟು ಖಾಲಿಯಿದ್ದರೂ ರುಚಿಗಾರ ಬಾಗಿಲ ಬಳಿ ಕಂಬಿ ಹಿಡಿದು ನಿಂತಿದ್ದ. ಹೇಳುವ ಮಾತನ್ನು ಮನಸ್ಸಿನಲ್ಲೇ ಜೋಡಿಸಿದ, ಕೆಡವಿದ, ಮತ್ತೆ ಜೋಡಿಸಿದ. ನಾಲಗೆ ಕೆಟ್ಟಿದೆ ಎಂದ ಮೇಲೆ ಆ ಕಾರ್ಖಾನೆಯಲ್ಲಿ ತಾನು ಯಾರು? ಬಾಗಿಲು ಕಾಯುವವನಿಗೆ ಕಣ್ಣಾದರೂ ಇದೆ. ನಡುವೆ ಒಂದು ನಿಲ್ದಾಣದಲ್ಲಿ, ಇಳಿದು ಮನೆಗೆ ಹೋಗಿಬಿಡಲೇ ಎನ್ನಿಸಿತು. ಒಂದು ಕಾಲನ್ನು ಮೆಟ್ಟಿಲಿಗೆ ಇಟ್ಟೂ ಇಟ್ಟ. ಹಿಂದಿನವರು “ಇಳೀತೀರಾ, ಇಲ್ವಾ?” ಎಂದು ಗದರಿದಾಗ ಕಾಲು ಹಿಂತೆಗೆದ.

ಮ್ಯಾನೇಜರು ಕೊಪ್ಪರಿಗೆಯ ಕೋಣೆಯಲ್ಲೇ ಇದ್ದರು. ಊಟದ ಗಂಟೆ ಹೊಡೆದಾಗಿತ್ತು. ಹಬೆ, ಕೊಳೆತ ಹಣ್ಣಿನ ಸಿಪ್ಪೆಯ ವಾಸನೆ, ಒದ್ದೆ ನೆಲ. ಭಾವಮೈದ ತನ್ನ ಏಪ್ರನ್ ಬಿಚ್ಚಿ ಮಡಿಸುತ್ತಿದ್ದ. ನಾಳೆ ಬೇರೆಯವನು ಕಟ್ಟಿಕೊಳ್ಳುವ ಏಪ್ರನ್ನಿನ ಅಂಚಿಗೆ ಅಂಚು ಕೂಡಿಸುತ್ತಿದ್ದ. ಅದನ್ನು ಕಂಡ ರುಚಿಗಾರ ನೇರವಾಗಿ ಮ್ಯಾನೇಜರ ಎದುರು ಹೋಗಿ ನಿಂತ.

“ಕೊಪ್ಪರಿಗೆ ಸರಿಯಾಗಿದೆ ಸಾರ್. ನನ್ನ ನಾಲಗೆ ಕೆಟ್ಟಿದೆ” ಎಂದ, ಬಸ್ಸಿನಲ್ಲಿ ಜೋಡಿಸಿದ್ದನ್ನೆಲ್ಲ ಮರೆತು.

ಮ್ಯಾನೇಜರು ನಕ್ಕರು. “ಮನೇಲಿ ಬಿಸಿ ಜೋರಾಗೇ ಮುಟ್ಟಿದೆ ಅಂತ ಕಾಣುತ್ತೆ. ಭಾವಮೈದನ್ನ ಉಳಿಸೋಕೆ ಇಷ್ಟು ದೊಡ್ಡ ಸುಳ್ಳಾ? ನಿಮ್ಮ ನಾಲಗೆ ಯಾವತ್ತು ತಪ್ಪಿದೆ?”

ಇದೊಳ್ಳೆ ಫಜೀತಿ. ವರ್ಷಗಟ್ಟಲೆ ಕಟ್ಟಿದ ಹೆಸರು ಇವತ್ತು ಸತ್ಯ ಹೇಳಲು ಹೊರಟರೆ ಅಡ್ಡ ನಿಂತಿತ್ತು.

“ಹಾಗಾದ್ರೆ ಪರೀಕ್ಷೆ ಮಾಡಿ” ಎಂದ ರುಚಿಗಾರ. “ನಾನು ಗೋಡೆ ಕಡೆ ತಿರುಗಿ ಕಣ್ಣು ಮುಚ್ಕೋತೀನಿ. ಏನು ಬೇಕಾದ್ರೂ ಕೊಡಿ.”

ಹೊರಗೆ ಊಟಕ್ಕೆ ಕೂತಿದ್ದವರು ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಮ್ಯಾನೇಜರು ಮೊದಲು ಒಂದು ಚಮಚ ಕೊಟ್ಟರು. “ಕಬ್ಬಿಣ.” ಇನ್ನೊಂದು. “ಕಬ್ಬಿಣ.” ಮತ್ತೊಂದು. ಅದನ್ನು ಬಾಯಲ್ಲಿ ಆಡಿಸಿದಾಗ ತೆಳ್ಳಗಿತ್ತು, ಏನೆಂದು ಅವನಿಗೆ ಗೊತ್ತಾಯಿತು, ಆದರೂ ನಾಲಗೆ ಹೇಳಿದ್ದನ್ನೇ ಹೇಳಿದ: “ಕಬ್ಬಿಣ.”

ಅವನು ತಿರುಗಿ ನೋಡಿದ. ಮೇಜಿನ ಮೇಲೆ ನಿನ್ನೆಯ ಪಾಕ, ಅದರ ಪಕ್ಕದಲ್ಲಿ ಅಂಗಡಿಯಿಂದ ತಂದ ಬೇರೆ ಕಂಪನಿಯ ಬಾಟಲಿ, ಅದರ ಪಕ್ಕದಲ್ಲಿ ಮ್ಯಾನೇಜರು ಮನೆಯಿಂದ ತರುವ ಕುಡಿಯುವ ನೀರು. ಮ್ಯಾನೇಜರು ಆ ನೀರನ್ನು ತಾವೂ ಒಂದು ಗುಟುಕು ಕುಡಿದು, ಈ ಸಲ “ಹೌದು ಹೌದು” ಎನ್ನಲಿಲ್ಲ.

“ನಿಮ್ಮ ಭಾವಮೈದ ಕೆಲಸ ಬಿಡೋದು ಬೇಡ. ಆದ್ರೆ ಇನ್ನು ರುಚಿ ನೋಡೋರು ಯಾರು?” ಎಂದು ಕೇಳಿದರು, ಯಾರ ಮುಖವನ್ನೂ ನೋಡದೆ.

ಬಾಗಿಲಲ್ಲಿದ್ದವರು ತಟ್ಟೆಯತ್ತ ಕಣ್ಣಿಳಿಸಿದರು. ರುಚಿಗಾರ ಜೇಬಿನಿಂದ ಪಿಂಗಾಣಿ ಚಮಚ ತೆಗೆದ. ಯಾರಿಗೂ ಮುಟ್ಟಲು ಕೊಡದ ಚಮಚ. ತೊಳೆದು ಭಾವಮೈದನ ಮುಂದೆ ಹಿಡಿದ. ಅವನು ಕೈ ಚಾಚಲಿಲ್ಲ.

“ತಗೋಳಪ್ಪ. ಇನ್ನೂ ಸಿಟ್ಟಾ?”

“ಸಿಟ್ಟಲ್ಲ ಭಾವ. ನನ್ನ ಮೇಲೆ ತಪ್ಪು ಹೊರಿಸಿದ ದಿನವೇ ಕದ್ದು ರುಚಿ ನೋಡಿದ್ದೆ. ಏನೂ ಇರಲಿಲ್ಲ. ಹೇಳಿದ್ರೆ ಬಾಯಿಗಿಟ್ಟ ತಪ್ಪಿಗೆ ಕೆಲಸ ಹೋಗುತ್ತೆ ಅಂತ ಸುಮ್ಮನಾದೆ.” ಅವನು ಮಡಿಸಿದ ಏಪ್ರನ್ನನ್ನು ಎದೆಗೆ ಒತ್ತಿಕೊಂಡ. “ಹೇಳಿದ್ರೂ ಏನು? ನಿಮ್ಮ ನಾಲಗೆ ತಪ್ಪೋದುಂಟಾ? ನನ್ನ ಬಾಯಿಗೇ ಏನೋ ರೋಗ ಬಂದಿದೆ, ಒಂದು ಸಲ ಡಾಕ್ಟ್ರಿಗೆ ತೋರಿಸ್ಬೇಕು ಅಂದ್ಕೊಂಡಿದ್ದೆ.”

ರುಚಿಗಾರನಿಗೆ ಅಳು ಒತ್ತರಿಸಿ ಬಂತು. ಎಲ್ಲರ ಎದುರೇ ಬಂತು, ಕೆಮ್ಮಿದರೂ ಮುಚ್ಚಲಿಲ್ಲ. ಭಾವಮೈದನ ಕೈ ಹಿಡಿದು ಚಮಚವನ್ನು ಅದರೊಳಗೆ ಇಟ್ಟ. ಭಾವಮೈದ ನಿನ್ನೆಯ ಪಾಕದಿಂದ ಒಂದಿಷ್ಟು ತೆಗೆದು ಬಾಯಿಗಿಟ್ಟುಕೊಂಡ. ಕಣ್ಣು ಮುಚ್ಚಿದ.

“ಹೇಗಿದೆ?”

“ಹುಳಿ ಸ್ವಲ್ಪ ಮುಂದಿದೆ ಭಾವ.”

“ಮೋರಿಗಾ, ಬಾಟಲಿಗಾ?”

“ಬಾಟಲಿಗೆ.”

ಎಲ್ಲರೂ ಅಭ್ಯಾಸದಂತೆ ರುಚಿಗಾರನ ಕಡೆ ನೋಡಿದರು. ಆ ಪಾಕ ಹೇಗಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಅವನು ತಲೆ ಆಡಿಸಿದ.