ಕಪ್ಪಿಟ್ಟ ಹಲ್ಲು

ಮಂಜಿನಷ್ಟು ತಣ್ಣಗಿದ್ದ ಹತ್ತಿಯ ಉಂಡೆಯನ್ನು ಚಿಮಟದಲ್ಲಿ ಹಿಡಿದು ಡಾಕ್ಟರ್ ಇಂದುಮತಿ ನನ್ನ ಹಲ್ಲುಗಳಿಗೆ ಒಂದೊಂದಾಗಿ ತಾಗಿಸುತ್ತ ಬಂದರು. ತಣ್ಣಗೆನಿಸಿದಾಗ ಕೈ ಎತ್ತಬೇಕಿತ್ತು. ಎತ್ತುತ್ತಿದ್ದೆ. ಮೇಲುಸಾಲಿನ ಕಪ್ಪಿಟ್ಟ ಹಲ್ಲಿಗೆ ತಾಗಿಸಿದಾಗ ಮಾತ್ರ ಕೈ ತೊಡೆಯ ಮೇಲೇ ಉಳಿಯಿತು.

"ಏನೂ ಗೊತ್ತಾಗ್ತಿಲ್ವಾ?"

"ಇಲ್ಲ."

ನನ್ನ ಮೇಲ್ದುಟಿ ಮೂಗಿನ ತನಕ ಊದಿಕೊಂಡಿತ್ತು. ನನ್ನ ಗಂಡ ವಾಮನನ ವರ್ಷದ ತಿಥಿ ಆಗಷ್ಟೇ ಮುಗಿದಿತ್ತು. ಬಂದ ನೆಂಟರು ನನ್ನ ಮುಖ ನೋಡಿ, ಪಾಪ, ಅತ್ತು ಅತ್ತು ಹೀಗಾಗಿದ್ದಾಳೆ ಎಂದುಕೊಂಡರು. ಅಂಥ ಒಳ್ಳೆಯವನನ್ನು ಕಳೆದುಕೊಂಡವಳು ಎಂದರು. ನಾನು ವರ್ಷವಿಡೀ ಅತ್ತಿರಲಿಲ್ಲ. ಅಡುಗೆ ಮಾಡುತ್ತಿದ್ದೆ, ಬಟ್ಟೆ ಒಣಗಿಸುತ್ತಿದ್ದೆ. ಯಾವುದೂ ನನ್ನವರೆಗೆ ಬರುತ್ತಿರಲಿಲ್ಲ. ಜ್ವರ ಏರಿದಾಗ ಆಸ್ಪತ್ರೆಗೆ ಎಳೆದುಕೊಂಡು ಬಂದವರು ಅತ್ತೆ, ವಾಮನನ ತಾಯಿ. ಕುರ್ಚಿಯ ಪಕ್ಕದಲ್ಲೇ ನನ್ನ ಚೀಲ ಹಿಡಿದು ನಿಂತಿದ್ದರು.

ಇಂದುಮತಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಬೇರಿನ ತುದಿಯಲ್ಲಿ ಬಟಾಣಿಯಷ್ಟು ಕರಿ ನೆರಳಿತ್ತು.

"ಇಲ್ಲಿ ಕೀವು ತುಂಬಿದೆ. ಹಲ್ಲು ಒಳಗೇ ಸತ್ತು ಬಹಳ ಕಾಲ ಆಗಿದೆ, ಆದರೆ ಹುಳುಕಿಲ್ಲ. ಯಾವಾಗಲಾದರೂ ಪೆಟ್ಟು ಬಿದ್ದಿತ್ತಾ?"

ಮದುವೆಯಾದ ಹೊಸತರಿಂದಲೂ ಹೇಳಿ ಹೇಳಿ ರೂಢಿಯಾಗಿದ್ದ ಉತ್ತರ ತಾನಾಗಿ ಬಂತು. "ಬಚ್ಚಲಲ್ಲಿ ಜಾರಿ..."

"ಜಾರಿಲ್ಲ," ಎಂದರು ಅತ್ತೆ. "ನನ್ನ ಮಗ ಹೊಡೆದದ್ದು. ಚೊಂಬಿನಿಂದ. ನಾನು ಅಲ್ಲೇ ಇದ್ದೆ, ಡಾಕ್ಟ್ರೇ. ಕಣ್ಣಾರೆ ನೋಡಿದ್ದೇನೆ."

ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಆಡಿದ್ದಿಲ್ಲ. ನನಗೆ ಏನಾದರೂ ಅನ್ನಿಸಬೇಕಿತ್ತು. ಇಂದುಮತಿ ಇನ್ನೊಮ್ಮೆ ತಣ್ಣನೆಯ ಹತ್ತಿ ತಾಗಿಸಿ ನೋಡಿದರು. ಕೈ ಏಳಲಿಲ್ಲ.

ತುಟಿಯೊಳಗೆ ಮದ್ದು ಚುಚ್ಚಿ, ಮರಗಟ್ಟಿದ ಮೇಲೆ ಹಲ್ಲಿನ ಹಿಂಬದಿಯಿಂದ ಕೊರೆದರು. ಕೀವು ಹೊರಬಂದು ಕೋಣೆ ತುಂಬ ಕೊಳೆತ ವಾಸನೆ ಹಬ್ಬಿತು. ಅತ್ತೆ ಮೂಗು ಮುಚ್ಚಿಕೊಳ್ಳಲಿಲ್ಲ.

"ಹಲ್ಲು ಕೀಳೋದು ಬೇಡ," ಎಂದರು ಇಂದುಮತಿ. "ಮಾತ್ರೆ ತಪ್ಪಿಸಬೇಡಿ. ಊತ ಇಳಿದ ಮೇಲೆ ಬನ್ನಿ, ಬೇರನ್ನು ಪೂರ್ತಿ ಶುಚಿ ಮಾಡಿ ಮುಚ್ಚೋಣ."

ಹೊರಗೆ ಬಂದಾಗ ಬಿಸಿಲೇರಿತ್ತು. ಎದುರಿನ ಹೋಟೆಲಿನಲ್ಲಿ ಅತ್ತೆ ನನಗೊಂದು ಲೋಟ ಮಜ್ಜಿಗೆ ತರಿಸಿದರು. ತಾವು ಏನನ್ನೂ ತೆಗೆದುಕೊಳ್ಳಲಿಲ್ಲ.

"ಆವತ್ತೇ ನಿನ್ನನ್ನ ತವರಿಗೆ ಬಿಟ್ಟು ಬರಬೇಕಿತ್ತು ನಾನು."

"ಯಾಕೆ ಬಿಡಲಿಲ್ಲ, ಅತ್ತೆ?"

ಅವರು ನನ್ನ ಚೀಲವನ್ನು ಮಡಿಲಿಗೆ ಎಳೆದುಕೊಂಡರು.

"ನೀನು ಹೋಗಿದ್ರೆ ಅವನ ಕೈಗೆ ನಾನೊಬ್ಬಳೇ ಸಿಗ್ತಿದ್ದೆ ಕಣೇ."

ನಾನು ಲೋಟ ಎತ್ತಿದೆ. ತುಟಿ ಮುಚ್ಚಿಕೊಳ್ಳದೆ ಮಜ್ಜಿಗೆ ಗಲ್ಲದ ಮೇಲೆ ಇಳಿದಿರಬೇಕು. ಅತ್ತೆ ಮುಂದೆ ಬಾಗಿ ಸೆರಗಿನ ತುದಿಯಿಂದ ನನ್ನ ತುಟಿ ಒರೆಸಿದರು. ಅವರ ಬೆರಳು ತಾಗಿದ್ದು ನನಗೆ ಗೊತ್ತಾಗಲಿಲ್ಲ. ಸೆರಗು ಒದ್ದೆಯಾಗಿದ್ದು ಮಾತ್ರ ಕಂಡಿತು.