ಅನುಸೂಯಾ ಕಟ್ಟಿದ ಗೋಡೆ

ಗೋಡೆ ಕಟ್ಟುವ ಗೌಂಡಿ ದೇವಾನಂದ ಇಟ್ಟಿಗೆ ಇಡುತ್ತಿದ್ದರೆ ಹೆಂಡತಿ ಅನುಸೂಯಾ ಸಿಮೆಂಟು ಮಾಲು ಕಲಸಿ, ಬುಟ್ಟಿ ಹೊತ್ತು ತಂದು ಕೊಡುವಳು. ಮದುವೆಯಾಗಿ ಆಳಂದದ ಕಡೆಯಿಂದ ಪುಣೆಗೆ ಬಂದಾಗಿನಿಂದ ಅದೇ ಅವಳ ಕೆಲಸ. ಕರಣಿ ಹಿಡಿದು ಗೋಡೆ ಕಟ್ಟುವುದು ಗಂಡಸರ ಪಾಲಿನದು.

೧೯೯೭ರ ಬೇಸಿಗೆಯಲ್ಲಿ ಇಬ್ಬರೂ ಬಿಬವೇವಾಡಿಯ ತಮ್ಮ ತಗಡಿನ ಶೆಡ್ಡು ಕಿತ್ತು, ಇಟ್ಟಿಗೆ ಮನೆಗೆ ಕೈಹಾಕಿದರು. ಮೂರು ಗೋಡೆ ಎದ್ದಿದ್ದವು, ಅಷ್ಟರಲ್ಲಿ ದೇವಾನಂದ ಬೇರೊಂದು ಕಟ್ಟಡದ ಮೇಲಿಂದ ಜಾರಿ ಬಿದ್ದು ಬಲಗೈ ಮುರಿದುಕೊಂಡ. ಮಳೆಗಾಲ ತಲೆಯ ಮೇಲಿತ್ತು. ಉಳಿದ ಗೋಡೆ ಕಟ್ಟಿಕೊಡಲು ಬರುತ್ತೇನೆಂದಿದ್ದ ಗೆಳೆಯ ಹೊಳಬಸಪ್ಪ ಗೌಂಡಿ ದೂರದ ಕೆಲಸಕ್ಕೆ ಹೋಗಿಬಿಟ್ಟ.

ಒಂದು ಬೆಳಿಗ್ಗೆ ಅನುಸೂಯಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಟ್ಟಿಗೆಗೆ ನೀರು ಉಣಿಸಿ, ಗಂಡನ ಕರಣಿ ಎತ್ತಿಕೊಂಡಳು.

"ಏ, ಅದೇನ್ ಆಟದ ಸಾಮಾನೇನು? ಕೆಳಗಿಡು," ಎಂದ ದೇವಾನಂದ.

"ಇಷ್ಟ್ ವರ್ಷ ನಾ ಬರೇ ಬುಟ್ಟಿ ಹೊತ್ತೀನಂತ ತಿಳದೀರೇನು? ನೋಡಕೋತನೂ ನಿಂತೀನಿ."

ಅವನು ಹೊರಸಿನ ಮೇಲೆ ಕೂತು ಹೇಳುತ್ತಾ ಹೋದ, ಅವಳು ಅವಸರದಲ್ಲಿ ಇಡುತ್ತಾ ಹೋದಳು. ಸಂಜೆಗೆ ಗೋಡೆ ಸೊಂಟದೆತ್ತರ ಬಂತು. ದೇವಾನಂದ ಎಡಗೈಯಲ್ಲಿ ದಾರ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ನೋಡಿದರೆ ಗೋಡೆ ನಟ್ಟನಡುವೆ ಹೊಟ್ಟೆಯಂತೆ ಉಬ್ಬಿತ್ತು.

"ಇರಲಿ ಬಿಡು. ಮ್ಯಾಲೆ ಸಿಮೆಂಟಿನ ಗಿಲಾವ್ ಬಳದ್ರ ಮುಚ್ಚಿ ಹೋಗ್ತದ," ಎಂದ.

"ಮಂದಿಗೆ ಕಾಣಂಗಿಲ್ರಿ. ನನಗ ಗೊತ್ತಿರ್ತದಲ್ಲ?"

ಮಾಲು ಇನ್ನೂ ಹಸಿಯಿರುವಾಗಲೇ ತನ್ನ ಕೈಯಿಂದಲೇ ಗೋಡೆ ಬಿಚ್ಚಿದಳು. ಒಂದೊಂದೇ ಇಟ್ಟಿಗೆ ಕೆರೆದು ತೊಳೆದಿಟ್ಟಳು. ಕಣ್ಣು ತುಂಬಿ ಬಂದರೂ ಕೈ ನಿಲ್ಲಿಸಲಿಲ್ಲ.

"ನಾಳೆ ನೀವು ಮಾತಾಡಬ್ಯಾಡ್ರಿ. ನನ್ನ ದಮ್ಮಿನ ಮ್ಯಾಲೆ ನನಗ ಕಟ್ಟಾಕ ಬಿಡ್ರಿ," ಎಂದಳು.

ಮರುದಿನ ಮೊದಲು ಎರಡು ಮೂಲೆ ಎಬ್ಬಿಸಿ, ನಡುವೆ ದಾರ ಬಿಗಿದಳು. ಕೆಳಗಿನ ಸಂದಿನ ಮೇಲೆ ಮೇಲಿನ ಸಂದು ಬಾರದಂತೆ ಇಟ್ಟಿಗೆ ಕೂಡಿಸಿದಳು. ಪ್ರತಿ ಸಾಲಿಗೂ ಗುಂಡು ಬಿಟ್ಟು ನೋಡಿದಳು. ದೇವಾನಂದ ಹೊರಸಿನ ಮೇಲೆ ಕೂತು ನೋಡುತ್ತಿದ್ದ. ನೋಡುತ್ತಾ ನೋಡುತ್ತಾ ಅವನ ಮುಖ ಸಡಿಲಾಯಿತು. ಮೊದಲ ಮಳೆ ಬೀಳುವ ಹೊತ್ತಿಗೆ ಗೋಡೆಯ ಮೇಲೆ ತಗಡು ಕೂತಿತ್ತು.

ದೂರದ ಕೆಲಸ ಮುಗಿಸಿದ ಹೊಳಬಸಪ್ಪ, ಮಾತು ತಪ್ಪಿದ್ದಕ್ಕೆ ಮುಖ ಸಣ್ಣದು ಮಾಡಿಕೊಂಡು ಬಂದ. ಗೋಡೆಗೆ ಕಣ್ಣು ಹಚ್ಚಿ ನೋಡಿ, ಅಂಗೈಯಿಂದ ಸವರಿ ಕೇಳಿದ: "ಛಲೋ ಕೈ ಅದ. ಯಾವ ಗೌಂಡಿನ ಕರೆಸಿದ್ದಿ?"

"ಕರೆಸೋದೇನದ? ಮನ್ಯಾಗೇ ಇದ್ಲು," ಎಂದ ದೇವಾನಂದ, ಎದೆಯುಬ್ಬಿಸಿ.

ಹೊಳಬಸಪ್ಪ ಅವಳತ್ತ ತಿರುಗಿದ. "ತಂಗಿ, ಸದಾಶಿವ ಪೇಠದಾಗ ಒಂದು ಕಂಪೌಂಡ್ ಗೋಡೆ ಹಿಡದೀನಿ. ಬರ್ತೀಯೇನವಾ?"

"ಬುಟ್ಟಿ ಹೊರಾಕಂದ್ರ ಬರಂಗಿಲ್ರೀ ಅಣ್ಣಾ."

"ಗೋಡೆ ಕಟ್ಟಾಕನ ಕರಿಯಾಕತ್ತೀನಿ."

ದೀಪಾವಳಿ ಹೊತ್ತಿಗೆ ದೇವಾನಂದನ ಕೈಯೂ ಕೂಡಿತು. ಕಂಪೌಂಡಿನ ಕೊನೆಯ ಗೋಡೆಯನ್ನು ಒಂದು ತುದಿಯಿಂದ ಅವನು, ಇನ್ನೊಂದು ತುದಿಯಿಂದ ಅವಳು ಕಟ್ಟುತ್ತಾ ಬಂದರು. ಸಾಲಿನ ನಡುವೆ ಒಂದೇ ಇಟ್ಟಿಗೆಯ ಜಾಗ ಉಳಿಯಿತು. ದೇವಾನಂದ ಪಕ್ಕಕ್ಕೆ ಸರಿದು ನಿಂತ. ಅನುಸೂಯಾ ಇಟ್ಟಿಗೆ ಕೂಡಿಸಿ, ಕರಣಿಯ ಹಿಡಿಯಿಂದ ತಟ್ಟಿ, ಮುಂದಿನ ಸಾಲಿಗೆ ದಾರ ಏರಿಸಿ, ಬುಟ್ಟಿ ಹೊರುವವರತ್ತ ಅಂಗಳಕ್ಕೆಲ್ಲ ಕೇಳುವಂತೆ ಕೂಗಿದಳು: "ಮಾಲು ತರ್ರಿ!"